ಗಾರೆ ಗೋಡೆಗೆ ಸಿಮೆಂಟ್ ಮೆತ್ತಬ್ಯಾಡ್ರಿ

ಸಂಪಾದಕರೇ,

ರಾಯಚೂರಿನ ಹಳೇ ಸರ್ಕಾರಿ ಕಟ್ಟಡಗಳನ್ನ ರಿಪೇರಿ ಮಾಡೋದು ಒಳ್ಳೇದೇ, ಆದ್ರ ಸುಣ್ಣದ ಗಾರೆ ಗೋಡೆಗೆ ಸಿಮೆಂಟ್ ಮೆತ್ತೋದು ಮೊದ್ಲು ನಿಲ್ಲಬೇಕು. ಗಾರೆ ಆದ್ರ ಒಳಗಿನ ತೇವ ಹೊರಗ ಬಿಡ್ತದ, ಸಿಮೆಂಟ್ ಬಿಡಂಗಿಲ್ಲ, ನೀರು ಒಳಗೇ ಕುಂತು ಉಪ್ಪೇರಿ ಇಟ್ಟಿಗಿ ಪುಡಿಪುಡಿ ಆಗ್ತದ, ನಮ್ಮ ಓಣಿ ಕಡೆ ಒಂದು ಹಳೇ ಕಟ್ಟಡದಾಗ ಹೊಸಾ ಪ್ಲಾಸ್ಟರ್ ಆಗ್ಲೇ ಹಪ್ಪಳದಂಗ ಎದ್ದದ, ಬೆರಳಿಂದ ಕೆದರಿದ್ರ ಒಳಗ ಬರೇ ಹುಡಿ. ಬಣ್ಣ ಹಚ್ಚಿ ಫೋಟೊ ತೆಗೆಸಿದ್ರ ರಿಪೇರಿ ಆಗಂಗಿಲ್ಲ. ಟೆಂಡರ್‌ನಾಗೇ ಸುಣ್ಣದ ಗಾರೆ ಅಂತ ಬರೀರಿ, ಆ ಕೆಲಸ ಬಲ್ಲ ಮೇಸ್ತ್ರಿನ್ನ ಕರೀರಿ, ಅದಕ್ಕೂ ಮೊದ್ಲು ಮಾಳಿಗಿ ಮ್ಯಾಲಿನ ಅರಳಿ ಗಿಡ ಬೇರು ಸಮೇತ ತೆಗೆಸ್ರಿ.

— ಒಬ್ಬ ಓದುಗ, ರಾಯಚೂರು