ಮನೆ ವಿಷಯಕ್ಕೆ ಅಪ್ಪನಿಗೆ, ಜೋಹಾನ್ಸ್‌ಬರ್ಗ್‌ನಿಂದ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ಪುಟ್ಟಿ ಪರೀಕ್ಷೆ ಚೆನ್ನಾಗಿ ಬರೆದಳು ಅಂತ ತಿಳಿದು ಖುಷಿಯಾಯ್ತು.

ನಾವು ಇಲ್ಲಿ ಮನೆ ತಗೊಳ್ಳುತ್ತೇವೆ ಅಂದಾಗಿನಿಂದ ನಿಮಗೆ ನಿದ್ದೆಯೇ ಇಲ್ಲವಂತೆ. ಎಲ್ಲಾ ಮಾವ ಕಳಿಸಿದ, ಇಲ್ಲಿನ ಹಾಳುಬಿದ್ದ ಏರಿಯಾ ಹಿಲ್‌ಬ್ರೋದ ಆ ವಿಡಿಯೋ ಮಾಡಿದ ಕೆಲಸ. ಆಳುವವರೇ ಬದಲಾದ ಊರಲ್ಲಿ ಆಸ್ತಿ ಮಾಡಬೇಡ, ಬೇಕಾದರೆ ಎಫ್‌ಡಿ ಮುರಿಸಿ ಕಳಿಸುತ್ತೇನೆ, ವಾಪಸ್ ಬಂದುಬಿಡಿ ಅಂತ ಬರೆದಿದ್ದೀರಿ. ದಯವಿಟ್ಟು ಎಫ್‌ಡಿ ಮುಟ್ಟಬೇಡಿ ಅಪ್ಪ.

ಮಂಡೇಲಾ ಅಧಿಕಾರಕ್ಕೆ ಬಂದಿದ್ದು 1994ರಲ್ಲಿ. ಹಿಲ್‌ಬ್ರೋ ಕೆಡೋಕೆ ಶುರುವಾಗಿದ್ದು ಅದಕ್ಕೂ ಮೊದಲೇ. ಅದು ದೊಡ್ಡ ದೊಡ್ಡ ಫ್ಲ್ಯಾಟುಗಳ ಏರಿಯಾ, ಆಗ ಬಿಳಿಯರಿಗೆ ಮಾತ್ರ. 80ರ ದಶಕದಲ್ಲಿ ಕಾನೂನು ಬೇಡ ಅಂದರೂ ಕಪ್ಪು ಜನ, ಇಂಡಿಯನ್ನರು ಬಾಡಿಗೆಗೆ ಬಂದರು. ಬ್ಯಾಂಕುಗಳು ಅಲ್ಲಿ ಸಾಲ ಕೊಡೋದು ನಿಲ್ಲಿಸಿದವು, ಎಷ್ಟೋ ಓನರುಗಳು ಬಾಡಿಗೆ ಮಾತ್ರ ವಸೂಲಿ ಮಾಡಿಕೊಂಡು ರಿಪೇರಿ ಕೈಬಿಟ್ಟರು. ಲಿಫ್ಟ್ ಕೆಟ್ಟರೆ ಕೆಟ್ಟಿತು, ನೀರು ನಿಂತರೆ ನಿಂತಿತು. ದುಡ್ಡಿದ್ದವರು ಉತ್ತರಕ್ಕೆ, ಸ್ಯಾಂಡ್ಟನ್ ಕಡೆ ಹೋದರು. 2000ದಲ್ಲಿ ಶೇರು ಮಾರ್ಕೆಟ್ಟೂ ಪೇಟೆ ಬಿಟ್ಟು ಅವರ ಹಿಂದೆ ಹೋಯ್ತು. ಅಲ್ಲಿಂದ ಹೆದ್ದಾರಿ ದಾಟಿದರೆ ಅಲೆಕ್ಸಾಂಡ್ರಾ, ಸಾಲು ಸಾಲು ತಗಡಿನ ಮನೆಗಳು. ಸ್ಯಾಂಡ್ಟನ್ ತೆರಿಗೆ ದುಡ್ಡಲ್ಲಿ ಅಲೆಕ್ಸಾಂಡ್ರಾದಂಥ ಕಡೆಯೂ ಕೆಲಸ ಆಗಲಿ ಅಂತ 1996ರಲ್ಲಿ ತೆರಿಗೆ ಏರಿಸಿದರೆ ಅಲ್ಲಿನವರು ಕಟ್ಟೋದೇ ಇಲ್ಲ ಅಂತ ಕೂತರಂತೆ. ಎಲ್ಲಾ ಕಡೆ ಒಂದೇ ಅಲ್ವಾ.

ನಾವು ನೋಡಿರೋ ಮನೆ ಇರೋದು ಪೇಟೆಯಿಂದ ಉತ್ತರಕ್ಕಿರೋ ಮಿಡ್‌ರ್ಯಾಂಡ್‌ನಲ್ಲಿ. ಸುತ್ತ ಎತ್ತರದ ಗೋಡೆ, ಮೇಲೆ ಕರೆಂಟ್ ತಂತಿ, ರಾತ್ರಿ ಟಿಕ್ ಟಿಕ್ ಅಂತ ಕೇಳುತ್ತೆ. ಈಗ ಬಾಡಿಗೆಗಿರೋದೂ ಅಂಥದ್ದೇ ಕಡೆ. ಬೆರಳು ಒತ್ತಿದರೆ ಗೇಟ್ ತೆರೆಯುತ್ತೆ, ಪಾತ್ರೆ ತೊಳೆದು ಬೆರಳು ನೆನೆದಿದ್ದರೆ ಆ ಮೆಷಿನ್ ನನ್ನ ಗುರುತೇ ಹಿಡಿಯಲ್ಲ! ಆಮೇಲೆ ಗಾರ್ಡ್ ನಗುತ್ತಾ ಬಂದು ತೆಗೆಯುತ್ತಾನೆ. ಇಷ್ಟೆಲ್ಲಾ ಬಂದೋಬಸ್ತು ಬ್ಯಾಂಕಿಗೂ ಇರಲ್ಲ, ಅಮ್ಮನಿಗೆ ಹೇಳಿ. ಆದರೆ ಹತ್ತಿರದ ಕಪ್ಪು ಜನರ ಬಡಾವಣೆ ಟೆಂಬಿಸಾದಿಂದ ಬರುವ ಕೆಲಸದಾಕೆ ಮಾತ್ರ ದಿನಾ ಹೋಗುವಾಗ ಬ್ಯಾಗ್ ತೆರೆದು ತೋರಿಸಬೇಕು. ನನಗೆ ಇದು ಹಿಡಿಸಲ್ಲ. ಇವರಿಗೆ ಹೇಳಿದರೆ ರೂಲ್ಸ್ ಅಂತಾರೆ.

ನಾವು ತಗೊಳ್ಳೋ ಮನೆ ಪಕ್ಕದವರು ಕಪ್ಪು ಜನ, ಅವರಿಗೆಂದೇ ಮಾಡಿದ್ದ ಸೊವೆಟೊದಲ್ಲಿ ಹುಟ್ಟಿ ಬೆಳೆದವರು, ಬ್ಯಾಂಕಲ್ಲಿ ದೊಡ್ಡ ಕೆಲಸ. 2021ರ ಗಲಾಟೆಯಲ್ಲಿ ಎಷ್ಟೋ ಮಾಲ್ ಲೂಟಿಯಾದವು, ಸೊವೆಟೊದ ಮಪೋನ್ಯ ಮಾಲನ್ನು ಮಾತ್ರ ಅಲ್ಲಿನ ಜನರೇ ಕಾವಲು ನಿಂತು ಉಳಿಸಿಕೊಂಡರು. ಅವರು ಅದನ್ನು ಎಷ್ಟು ಸಲ ಹೇಳಿದರೂ ದಣಿಯಲ್ಲ. ಎದುರುಮನೆಯವರು ತಮಿಳರು. ಅವರ ತಂದೆಗೆ ಪೇಟೆ ಹತ್ತಿರದ ಪೇಜ್‌ವ್ಯೂನಲ್ಲಿ ಅಂಗಡಿ, ಮನೆ ಎರಡೂ ಇತ್ತಂತೆ. ಇದು ಬಿಳಿಯರ ಜಾಗ ಅಂತ ಎಬ್ಬಿಸಿ, ಸುಮಾರು 30 ಕಿಲೋಮೀಟರ್ ದೂರದಲ್ಲಿ ಇಂಡಿಯನ್ನರಿಗೆಂದೇ ಮಾಡಿದ್ದ ಲೆನೇಷಿಯಾಕ್ಕೆ ಕಳಿಸಿದರು, ಮನೆ ಕೆಡವಿದರು. ಯಾವ ಬಣ್ಣದವರು ಎಲ್ಲಿರಬೇಕು ಅಂತ ಹೇಳುತ್ತಿದ್ದ ಆ ಕಾಯ್ದೆ 1991ರಲ್ಲಿ ಹೋಯ್ತು. ಅಲ್ಲಿವರೆಗೆ ಈ ಎರಡು ಮನೆಯವರು ಒಂದೇ ಬೀದಿಯಲ್ಲಿ ಇರೋ ಹಾಗೇ ಇರಲಿಲ್ಲ. ನಿಮ್ಮ ಭಯವನ್ನು ಎದುರುಮನೆಯವರ ಹತ್ತಿರ ಹೇಳಿದೆ. "ನಮ್ಮ ಮನೆ ಹೋಗಿದ್ದು ಹಳೇ ಸರ್ಕಾರ ಇದ್ದಾಗಮ್ಮ" ಅಂದರು.

ರೇಟು ಬೀಳಲ್ಲ ಅಂತ ಬರೆದುಕೊಡೋಕೆ ನನ್ನಿಂದಾಗಲ್ಲ. ಬಡ್ಡಿ ಜಾಸ್ತಿನೇ. ಆದರೆ ಇಬ್ಬರ ಸಂಬಳದಲ್ಲಿ ಕಂತು ಆರಾಮಾಗಿ ಹೋಗುತ್ತೆ, ನಿಜವಾಗ್ಲೂ ಆರಾಮಾಗಿ. ಪುಟ್ಟಿ ಮದುವೆಗೆ ಅಂತ ತೆಗೆದಿಟ್ಟಿದ್ದು ಹಾಗೇ ಇದೆ, ಒಂದು ರೂಪಾಯಿ ಮುಟ್ಟಿಲ್ಲ. ನೀವು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಬಿಪಿ ಮಾತ್ರೆ ಬಿಡಬೇಡಿ. ಮಾವನಿಗೂ ಇನ್ನು ವಿಡಿಯೋ ಸಾಕು ಅಂತ ಹೇಳಿ.

ಇವರು ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದಾರೆ. ಹನ್ನೊಂದಕ್ಕೆ ವಕೀಲರ ಆಫೀಸಲ್ಲಿ ಸಹಿ ಇದೆ. ಹೌದು, ಇವತ್ತೇ. ಬೈಯಬೇಡಿ. ಸಂಜೆ ಫೋನ್ ಮಾಡುತ್ತೇನೆ, ಅಮ್ಮನ ಕೈಗೇ ಕೊಡಿ.

ನಿಮ್ಮ ಮಗಳು