ಬ್ರಾಂಡ್ ನ್ಯೂ ಹುಟ್ಟಿದ್ದು ಕುಲುಮೆಯಲ್ಲಿ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ 'ಬ್ರಾಂಡ್ ನ್ಯೂ' ಅಂದರೆ ಒಳ್ಳೇ ಕಂಪನಿಯ ಹೊಸ ಮಾಲು ಎಂದು ಬರೆದಿದ್ದೀರಿ. ಹೊಸದು ಅನ್ನೋದೇನೋ ಸರಿ, ಆದರೆ ಕಂಪನಿಗೂ ಅದಕ್ಕೂ ಸಂಬಂಧ ಇಲ್ಲ. ಶಿವಮೊಗ್ಗದ ಬೈಕ್ ಶೋರೂಮಿನ ಹುಡುಗರೂ ಹೀಗೇ ಹೇಳುತ್ತಾರೆ, ಅವರನ್ನು ಬಿಡಿ. ಪೇಪರಿನಲ್ಲಿ ಬಂದರೆ ಶಾಲೆ ಮಕ್ಕಳು ಅದನ್ನೇ ಬರೆದುಕೊಳ್ಳುತ್ತಾರೆ, ಅಲ್ವಾ?

ಹಳೇ ಇಂಗ್ಲಿಷಿನಲ್ಲಿ ಬ್ರಾಂಡ್ ಅಂದರೆ ಬೆಂಕಿ, ಉರಿಯುವ ಕೊಳ್ಳಿ. ಹಾಗಾಗಿ ಬ್ರಾಂಡ್ ನ್ಯೂ ಅಂದರೆ ಈಗಷ್ಟೇ ಬೆಂಕಿಯಿಂದ ಈಚೆ ತೆಗೆದದ್ದು. 16ನೇ ಶತಮಾನದಲ್ಲೇ ಈ ಮಾತು ಬಳಕೆಯಲ್ಲಿತ್ತು. ಷೇಕ್ಸ್‌ಪಿಯರ್ ನಾಟಕಗಳಲ್ಲಂತೂ ಇದೇ ಅರ್ಥಕ್ಕೆ 'ಫೈರ್ ನ್ಯೂ' ಅಂತಲೇ ಇದೆ. ಕಾದ ಕಬ್ಬಿಣದಿಂದ ದನಕ್ಕೆ, ಪೀಪಾಯಿಗೆ ಬರೆ ಹಾಕಿ ಗುರುತು ಮಾಡುತ್ತಿದ್ದರು, ಆ ಬರೆಗೂ ಬ್ರಾಂಡ್ ಅನ್ನೋ ಹೆಸರೇ ಬಿತ್ತು, ಅದು ಕಂಪನಿ ಮಾಲಿನ ಗುರುತಾಗಿದ್ದು 19ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಬ್ರಾಂಡ್ ನ್ಯೂ ಅನ್ನೋ ಮಾತೇ ಹಳೇದಾಗಿತ್ತು! ಬ್ರಾಂದಿಯೂ ಇದರ ನೆಂಟನೇ, ಡಚ್ಚರ 'ಸುಟ್ಟ ವೈನ್'. ಅದರ ಉರಿ ಎಂಥದ್ದು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಲೆನಾಡಿನವರಿಗೆ ಇದೇನು ಅರ್ಥವಾಗದ ವಿಷಯವಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಉರಿಸಿದ್ದು ಇದೇ ಕಾಡಿನ ಸೌದೆಯ ಇದ್ದಿಲು. ಅಷ್ಟು ದೊಡ್ಡದೂ ಬೇಡ. ಕೊನೆಕೊಯ್ಲಿನ ಮುಂಚೆ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮಾಡಿಸಲು ಕುಲುಮೆ ಮುಂದೆ ಕಾದು ಕೂತವರು ನೋಡಿರುತ್ತೀರಿ. ತಿದಿ ಒತ್ತಿದ ಹಾಗೆಲ್ಲ ಇದ್ದಿಲು ನಿಗಿನಿಗಿ ಅನ್ನುತ್ತೆ, ಇಕ್ಕಳದಲ್ಲಿ ಎತ್ತಿದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಬಡಿದರೆ ಕಪ್ಪು ಕಿಟ್ಟ ಚಕ್ಕೆ ಚಕ್ಕೆಯಾಗಿ ಉದುರುತ್ತೆ, ನೀರಿಗೆ ಅದ್ದಿದರೆ ಚುಂಯ್ ಅಂತ ಹಬೆ. ಆ ಕತ್ತಿ ಇದೆಯಲ್ಲ, ಅದು ಅಸಲಿ ಬ್ರಾಂಡ್ ನ್ಯೂ. ಅದರ ಮೇಲೆ ಯಾವ ಕಂಪನಿ ಹೆಸರೂ ಇರಲ್ಲ.

ಮುಂದಿನ ವಾರ ಒಂದು ಸಣ್ಣ ತಿದ್ದುಪಡಿ ಹಾಕಿಬಿಡಿ, ಸಾಕು. ಹಾಗೇ ನಿಮ್ಮ ಜಾಹೀರಾತು ಪುಟದಲ್ಲಿ 'ಬ್ರಾಂಡ್ ನ್ಯೂ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಮಾರಾಟಕ್ಕಿದೆ' ಅಂತ ಹಾಕೋರಿಗೂ ಯಾರಾದರೂ ಒಂದು ಮಾತು ಹೇಳಿ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ