ನೆನಪಾಗದೆ ಹೋದ ಒಂದು ದಿನ

ಚಿ. ಸುಮಾಳಿಗೆ ಶಾಂತಳ್ಳಿಯಿಂದ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಕೊಯ್ಲಿಗೆ ಆಳು ಸಿಗದ ಕಷ್ಟ, ಅಮ್ಮನ ಮಂಡಿನೋವು, ಎಲ್ಲ ಓದಿದೆ. ಅದಕ್ಕೆಲ್ಲ ಆಮೇಲೆ ಉತ್ತರ ಬರೆದರಾಯಿತು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, 'ಮೊನ್ನೆ ಇಡೀ ದಿನ ಅಪ್ಪನ ನೆನಪೇ ಆಗಲಿಲ್ಲ ದೊಡ್ಡಮ್ಮ, ರಾತ್ರಿ ದೀಪ ಆರಿಸುವಾಗ ಅದು ಗೊತ್ತಾಗಿ ಮೈ ನಡುಗಿತು, ಹೀಗೇ ಒಂದೊಂದೇ ದಿನ ಅವರು ಹೋಗಿಬಿಡ್ತಾರಾ' ಅಂತ, ಆ ಮಾತು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಒಲೆ ಮುಂದೆಯೂ ಅದೇ, ಮೆಣಸು ಬಿಡಿಸುವಾಗಲೂ ಅದೇ.

ಆ ದಿನ ಏನೇನು ಮಾಡಿದೆ ಅಂತ ನೀನೇ ಬರೆದಿದ್ದೀಯ. ಬೆಳಿಗ್ಗೆ ಆಳುಗಳಿಗೆ ಸಾಲು ತೋರಿಸಿದ್ದು, ಕಣದಲ್ಲಿ ಒಣಗಲು ಹರಡಿದ ಕಾಫಿ ಚೆರ್ರಿ ಮಗುಚಿದ್ದು, ಸಂಜೆ ಹಣ್ಣು ತೂಗಿದ್ದು, ಮೋಡ ಕಂಡು ಟಾರ್ಪಾಲು ಹೊದಿಸಿದ್ದು. ಒಂದು ಕೇಳುತ್ತೇನೆ. ಒಣಗಿದೆಯೋ ಇಲ್ಲವೋ ನೋಡಲು ಒಂದು ಮುಷ್ಟಿ ಚೆರ್ರಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆಯಾ? ಅಲ್ಲಾಡಿಸಿಯೇ ಇರುತ್ತೀಯ. ಗಲಗಲ ಅಂದರೆ ಒಣಗಿದೆ, ಇಲ್ಲದಿದ್ದರೆ ಇನ್ನೂ ಬಿಸಿಲು ಬೇಕು. ಹಾಗೆ ಅಲ್ಲಾಡಿಸುವಾಗ ನಿನ್ನಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಯಾರಾದರೂ ಮಾತಾಡಿದರೆ ಎಡಗೈ ಎತ್ತಿ ತಡೆಯುತ್ತಿದ್ದರು. ಗೋರುವ ಹಲಗೆ ಎತ್ತಲೂ ಆಗದ ವಯಸ್ಸಿನಲ್ಲಿ ನೀನು ಪಕ್ಕದಲ್ಲಿ ನಿಂತು ಹಾಗೇ ಕಣ್ಣು ಮುಚ್ಚುತ್ತಿದ್ದೆ. ಅಂಥ ದಿನವನ್ನು ಅಪ್ಪ ಇಲ್ಲದ ದಿನ ಅಂತ ಲೆಕ್ಕ ಹಾಕಬೇಡ ಮಗಾ.

ಆದರೂ ನಿನ್ನ ಹೆದರಿಕೆ ಸುಳ್ಳು ಅನ್ನಲಾರೆ. ನಾನು ಒಬ್ಬನನ್ನು ನಿಜವಾಗಿಯೂ ಮರೆತಿದ್ದೇನೆ.

ನನಗೂ ನಿನ್ನಮ್ಮನಿಗೂ ನಡುವೆ ಒಬ್ಬ ತಮ್ಮನಿದ್ದ, ಮಂಜ. ನಿನಗೆ ಯಾರೂ ಹೇಳಿರಲಾರರು. ಕಕ್ಕಡ ತಿಂಗಳ ಮಳೆಯಲ್ಲಿ ಜ್ವರ ಬಂತು. ಪುಷ್ಪಗಿರಿ ಬೆಟ್ಟದ ಬುಡದ ಮಳೆ ಗೊತ್ತಲ್ಲ, ಹಿಡಿಯಿತೆಂದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣದು. ಹಳ್ಳ ಉಕ್ಕಿ ಹರಿಯುತ್ತಿತ್ತು, ಸೋಮವಾರಪೇಟೆಗೆ ಹೊತ್ತುಕೊಂಡು ಹೋಗಲು ದಾರಿಯಿರಲಿಲ್ಲ. ನಿನ್ನಮ್ಮ ಆಗ ತೊಟ್ಟಿಲಲ್ಲಿದ್ದಳು. ಅವನು ಹೋದ ಮೇಲೆ, ಹೆಸರೆತ್ತಿದರೆ ಅವ್ವ ಅಳುತ್ತಾಳೆ ಅಂತ ನಾವು ಎತ್ತಲಿಲ್ಲ. ಮಕ್ಕಳು ಅಳುತ್ತಾವೆ ಅಂತ ಅವ್ವ ಎತ್ತಲಿಲ್ಲ. ಫೋಟೋ ತೆಗೆಸುವ ಕಾಲವೂ ಅದಲ್ಲ. ಈಗ ಎಷ್ಟು ಹೊತ್ತು ಕೂತು ನೆನೆದರೂ ಅವನ ಮುಖ ಬರುವುದಿಲ್ಲ. ಒಲೆಯ ಮೇಲೆ ಬಿದಿರ ತಟ್ಟಿಯಲ್ಲಿ ಒಣಗಲು ಹಾಕುತ್ತಿದ್ದ ಅವನ ಚಿಕ್ಕ ಕಂಬಳಿ, ಅದರ ಹೊಗೆ ವಾಸನೆ, ಇಷ್ಟೇ ಉಳಿದಿರುವುದು.

ಅವ್ವನಿಗೆ ವಯಸ್ಸಾದ ಮೇಲೆ, ಒಂದು ಮಳೆಗಾಲ ಮೆಟ್ಟುಗತ್ತಿಯಲ್ಲಿ ಬಿದಿರ ಕಣಿಲೆ ಹೆಚ್ಚುತ್ತಿದ್ದವಳು ಇದ್ದಕ್ಕಿದ್ದಂತೆ 'ಮಂಜನಿಗೆ ಇದು ಬಲು ಇಷ್ಟ' ಅಂದಳು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ನಾನು ಪಕ್ಕದಲ್ಲೇ ನೆನೆಹಾಕಿದ್ದರ ನೀರು ಬದಲಾಯಿಸುತ್ತಿದ್ದೆ, 'ಹೂಂ' ಅಂದೆ ಅಷ್ಟೇ. ಹೇಗೆ ನಗುತ್ತಿದ್ದ ಅವ್ವ, ನೋಡಲು ಯಾರ ಹಾಗಿದ್ದ, ಅಂತ ನಾಲಿಗೆ ತುದಿಗೆ ಬಂದಿತ್ತು. ಅವಳೂ ಹೋದಳು. ಅವನನ್ನು ಕಂಡವರು ಈಗ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಈ ಸಂಕಟ ನನ್ನ ಜೊತೆಗೇ ಹೋಗುವುದು.

ಅದಕ್ಕೇ ನಿನ್ನ ಆ ಸಾಲು ಓದಿ ನನಗೂ ಗಾಬರಿಯಾಯಿತು. ಕೆಲಸದ ಗಡಿಬಿಡಿಯಲ್ಲಿ ಮಂಜ ಕಳೆದುಹೋಗಲಿಲ್ಲ ಸುಮಾ. ಯಾರೂ ಬಾಯಿ ಬಿಡದೆ ಕೂತೆವಲ್ಲ, ಅದರಲ್ಲಿ ಹೋದ. ನೀನು ಮನೆಯಲ್ಲಿ ಅಪ್ಪನ ಮಾತೇ ಎತ್ತುವುದಿಲ್ಲ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅವಳೂ ಎತ್ತುವುದಿಲ್ಲವಂತೆ, ನಿನಗೆ ನೋವಾದೀತು ಅಂತ. ನೀನೇ ಶುರು ಮಾಡು. ಅವಳು ಅತ್ತರೆ ಅಳಲಿ.

ಹೋದ ಸಲ ಬಂದಾಗ ಅಪ್ಪನ ಮಳೆ ಪುಸ್ತಕ ತೆಗೆದು ನೋಡಿದೆ. ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಬಿದ್ದ ಮಳೆ ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದು ಪಕ್ಕದಲ್ಲಿ ಒಂದು ಮಾತು ಸೇರಿಸುತ್ತಿದ್ದರು. ಕಾಫಿ ಹೂ ಅರಳಿಸುವ ಮಳೆ ಬಂದ ದಿನ ಹೀಗಿದೆ: 'ಹೂಮಳೆ, 1 ಇಂಚು 10 ಸೆಂಟು. ಸುಮಾ ಪರೀಕ್ಷೆ ಮುಗಿಯಿತು.' 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಜಾರಿದ ವಾರ ಅಂಕಿಯೇ ಇಲ್ಲ. 'ಡಬ್ಬಿ ತುಂಬಿ ಚೆಲ್ಲಿದೆ. ಎಲ್ಲರೂ ಮನೆಯಲ್ಲಿದ್ದೇವೆ' ಅಂತ ಮಾತ್ರ. ಅವರು ಹೋದ ಮೇಲಿನ ಪುಟಗಳು ಖಾಲಿ. ಅವರ ಅಕ್ಷರದ ಕೆಳಗೆ ನಿನ್ನ ಅಕ್ಷರ ಬಿದ್ದರೆ ಅವರು ಇಲ್ಲವೆನ್ನುವುದು ಖಾತ್ರಿಯಾಗುತ್ತದೆ ಅಂತ ನಿನಗೆ ಅನ್ನಿಸುತ್ತಿರಬಹುದು. ನನ್ನ ಬಲವಂತವಿಲ್ಲ. ಹೂಮಳೆ ಬರುವ ಕಾಲವಾಯಿತು, ಬಂದರೆ ಬರಿ. ಪಕ್ಕದಲ್ಲಿ ನಿನಗೆ ತೋಚಿದ ಒಂದು ಮಾತು. ಕೈ ಬರದಿದ್ದರೆ ಬಿಡು, ಮುಂದಿನ ಮಳೆಗೆ ನೋಡಿಕೊಂಡರಾಯಿತು.

ತೋಟದ ಆಳುಗಳ ಲೈನ್ ಮನೆಯಲ್ಲಿ ಹಳಬರು ಇನ್ನೂ ಇದ್ದಾರಲ್ಲ, ಅಪ್ಪನ ಜೊತೆ ಗಿಡ ನೆಟ್ಟವರು. ಒಂದು ಸಂಜೆ ಕಾಫಿ ಕೊಟ್ಟು ಕೂರಿಸಿಕೊಂಡು ಕೇಳು. ನಮಗ್ಯಾರಿಗೂ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ಲೆಕ್ಕದ ಪುಸ್ತಕ ಹಿಡಿದು ಒಬ್ಬಳೇ ಕೂರಬೇಡ. ಇಂಥ ಮಾತು ಕೇಳಿ ಕೇಳಿ ನಿನಗೆ ಸಾಕಾಗಿರುತ್ತದೆ, ಆದರೂ ಬರೆಯದೆ ಇರಲಾರೆ.

ನನ್ನ ಹತ್ತಿರ ಇರುವುದನ್ನು ನಾನು ಕೊಡುತ್ತೇನೆ. ನಿನ್ನಮ್ಮನನ್ನು ನೋಡಲು ಬಂದ ದಿನ ಇನ್ನೂ ಮಳೆ ಬಿಟ್ಟಿರಲಿಲ್ಲ. ನಿನ್ನಪ್ಪನ ಕಾಲಿಗೆ ಇಂಬಳ ಕಚ್ಚಿ ರಕ್ತ ಇಳಿಯುತ್ತಿತ್ತು. ಹೇಳಲು ಸಂಕೋಚ, ಒಂದು ಕಾಲಿನ ಹಿಂದೆ ಇನ್ನೊಂದು ಕಾಲು ಮರೆಮಾಡಿಕೊಂಡು ಜಗಲಿಯಲ್ಲಿ ನಿಂತೇ ಇದ್ದರು, ಕೂರಿ ಅಂದರೂ ಕೂರಲಿಲ್ಲ. ಅವ್ವ ಕಂಡು ಸುಣ್ಣ ತಂದು ಹಚ್ಚಿದಳು. ಒಳಗೆ ಬಂದು ನನ್ನ ಕಿವಿಯಲ್ಲಿ 'ಈ ಹುಡುಗನಿಗೇ ಕೊಡೋಣ' ಅಂದಳು. ಆಗಿನ್ನೂ ಉಪ್ಪಿಟ್ಟು ಸಹ ಕೊಟ್ಟಿರಲಿಲ್ಲ.

ನಿನಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ ಒಂದನ್ನು ಮುಂದಿನ ಕಾಗದದಲ್ಲಿ ಬರಿ. ಬೇರೆ ಸುದ್ದಿ ಏನೂ ಇಲ್ಲದಿದ್ದರೂ ಸರಿಯೇ. ಮೆಣಸಿನ ಕೊಯ್ಲು ಮುಗಿದ ಕೂಡಲೇ ಬರುತ್ತೇನೆಂದು ಅಮ್ಮನಿಗೆ ಹೇಳು.

ನಿನ್ನ
ದೊಡ್ಡಮ್ಮ